ಸೈಕಾಲಜಿಸ್ಟ್ ಹತ್ರ ಮೊದಲ ಸಲ ಹೋಗೋ ಮುಂಚೆ

ಪ್ರಶ್ನೆ (ಚಿಂತಾಮಣಿ): ಮೊದಲ ದಿನ ಏನು ಕೇಳ್ತಾರೆ? ಮಾತ್ರೆ ಕೊಡ್ತಾರಾ? ಮನೆಯವರಿಗೆ ಹೇಳಿಬಿಡ್ತಾರಾ? ಬೆಂಗಳೂರಿಗೇ ಹೋಗಬೇಕಾ?

ಉತ್ತರ (ಕೋಲಾರ): ಮಾತ್ರೆ ಬರೆಯೋದು ಸೈಕಿಯಾಟ್ರಿಸ್ಟ್, ಅಂದ್ರೆ ಮನೋವೈದ್ಯರು. ಸೈಕಾಲಜಿಸ್ಟ್‌ದು ಮಾತಿನ ಚಿಕಿತ್ಸೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡಿದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಸಿಡುಕಿದ್ರೆ ಬೇರೆಯವರನ್ನ ನೋಡ್ಕೊಳ್ಳಿ. ಮೊದಲ ಭೇಟಿ ಸುಮಾರು 45–60 ನಿಮಿಷ. ನಿದ್ದೆ, ಊಟ, ಕುಡಿತ, ಹಳೇ ಕಾಯಿಲೆ, ಸಾಯೋ ಯೋಚನೆ ಬಂದಿತ್ತಾ ಅನ್ನೋದನ್ನೂ ನೇರವಾಗಿ ಕೇಳ್ತಾರೆ, ಗಾಬರಿ ಬೇಡ. ಈಗ ನುಂಗ್ತಿರೋ ಮಾತ್ರೆಗಳ ಚೀಟಿ, ಥೈರಾಯ್ಡ್ ರಿಪೋರ್ಟ್ ಇದ್ರೆ ಅದೂ ತಗೊಂಡ್ಹೋಗಿ. ಥೈರಾಯ್ಡ್ ಕಡಿಮೆಯಾದ್ರೂ ಮನಸ್ಸು ಮಂಕಾಗುತ್ತೆ.

ಉತ್ತರ (ತಿಪಟೂರು): ಗುಟ್ಟು ಕಾಯೋದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ. ಜೀವಕ್ಕೆ ಅಪಾಯ, ಕೋರ್ಟ್ ಆದೇಶದಂಥ ಸಂದರ್ಭ ಬೇರೆ. ಬೆಂಗಳೂರೇ ಆಗಬೇಕಿಲ್ಲ, ಮೊದಲು ಜಿಲ್ಲಾಸ್ಪತ್ರೆ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಉತ್ತರ (ಮಾಲೂರು): ಎರಡೇ ಸಲ ಹೋಗಿ "ಬರೀ ಮಾತಾಡಿಸ್ತಾರೆ" ಅಂತ ಬಿಡೋರೇ ಜಾಸ್ತಿ. ಸಿಬಿಟಿ (ಯೋಚನೆ, ನಡವಳಿಕೆ ಬದಲಾಯಿಸೋ ಮಾತಿನ ಚಿಕಿತ್ಸೆ) ಆದ್ರೆ ಸಾಮಾನ್ಯವಾಗಿ ವಾರಕ್ಕೊಂದರಂತೆ 12–20 ಭೇಟಿ. ನಡುವೆ ಹೋಮ್‌ವರ್ಕ್ ಕೊಡ್ತಾರೆ: ಯಾವಾಗ ಎದೆ ಡವಡವ ಅಂತು, ಆಗ ತಲೆಗೆ ಬಂದ ಮಾತೇನು, ಬರೆದಿಡೋದು. ಅದನ್ನ ಭೇಟಿಯ ಹಿಂದಿನ ರಾತ್ರಿ ಒಟ್ಟಿಗೆ ಗೀಚಿದ್ರೆ ಉಪಯೋಗಕ್ಕೆ ಬರಲ್ಲ, ನೆನಪು ಅಷ್ಟೊತ್ತಿಗೆ ಬಣ್ಣ ಬದಲಾಯಿಸಿರುತ್ತೆ.