ಪದಚರ್ಚೆ: ಫ್ಯೂಚರ್ಸ್ ವಹಿವಾಟಿನ ಮಾತಿನಲ್ಲಿ ‘ಸಮಯ’ ಬೇಕೋ, ‘ಹೊತ್ತು’ ಬೇಕೋ?

ಬಳಗದ ಎಲ್ಲರಿಗೂ ನಮಸ್ಕಾರ.

ಷೇರು ಸೂಚ್ಯಂಕದ ಫ್ಯೂಚರ್ಸ್ ಕರಾರುಗಳಲ್ಲಿ (ಮುಂದೊಂದು ದಿನದ ವ್ಯವಹಾರಕ್ಕೆ ಇಂದೇ ಬೆಲೆ ಗೊತ್ತುಮಾಡಿಕೊಳ್ಳುವ ಒಪ್ಪಂದಗಳಲ್ಲಿ) ಕೊಡುಕೊಳ್ಳುವಿಕೆ ದಿನದ ಯಾವ ಹೊತ್ತಿನಲ್ಲಿ ಬಿರುಸಾಗುತ್ತದೆ, ಯಾವ ಹೊತ್ತಿನಲ್ಲಿ ಸೊರಗುತ್ತದೆ ಎಂಬುದನ್ನು ವಿವರಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ವಿಷಯಕ್ಕಿಂತ ಪದಗಳೇ ಹೆಚ್ಚು ಕಾಡುತ್ತಿವೆ. ಮೊದಲ ಕರಡಿನಲ್ಲಿ ‘ಮಧ್ಯಾಹ್ನದ ಸಮಯದಲ್ಲಿ ಸೂಚ್ಯಂಕ ಫ್ಯೂಚರ್ಸ್ ವಹಿವಾಟು ಇಳಿಯುತ್ತದೆ’ ಎಂದು ಬರೆದಿದ್ದೆ. ಅದನ್ನು ಓದಿದ ಗೆಳೆಯರೊಬ್ಬರು, ‘ಹಾಗಿದ್ದರೆ ದಿನವೂ ಮಧ್ಯಾಹ್ನ ಕೊಂಡು ಸಂಜೆ ಮಾರಿಬಿಡಬಹುದಲ್ಲ’ ಎಂದರು. ಇಳಿಯುವುದು ಬೆಲೆ ಎಂದು ಅವರು ಅರ್ಥಮಾಡಿಕೊಂಡಿದ್ದರು. ನಾನು ಹೇಳಹೊರಟದ್ದು ಆ ಹೊತ್ತಿನಲ್ಲಿ ಕೈಬದಲಾಗುವ ಕರಾರುಗಳು ಕಡಿಮೆ ಎಂಬುದನ್ನು ಮಾತ್ರ. ಬೆಲೆ ಏರಿತೋ ಇಳಿಯಿತೋ ಎಂಬುದು ಬೇರೆಯೇ ಸಂಗತಿ.

ಗೊಂದಲದ ಮೊದಲ ಮೂಲ ‘ವಹಿವಾಟು’ ಎಂಬ ಪದ. ಕೊಡುಕೊಳ್ಳುವ ಕ್ರಿಯೆಗೂ, ಅದರಲ್ಲಿ ತೊಡಗಿದ ಹಣದ ಒಟ್ಟು ಮೊತ್ತಕ್ಕೂ, ಕೈಬದಲಾದ ಕರಾರುಗಳ ಎಣಿಕೆಗೂ ನಾವು ಇದೊಂದೇ ಪದವನ್ನು ದುಡಿಸುತ್ತಿದ್ದೇವೆ. ‘ಸೂಚ್ಯಂಕ ಏರಿಕೆಯೊಂದಿಗೆ ವಹಿವಾಟು ಮುಗಿಸಿತು’ ಎಂಬ ದಿನನಿತ್ಯದ ವಾಕ್ಯದಲ್ಲಿ ಅದು ಕ್ರಿಯೆ. ಆದರೆ ಮೊತ್ತವನ್ನೂ ಎಣಿಕೆಯನ್ನೂ ಒಂದೇ ಮಾಡಿದರೆ ಲೆಕ್ಕವೇ ತಪ್ಪುತ್ತದೆ. ಷಿಕಾಗೊ ಮರ್ಕಂಟೈಲ್ ಎಕ್ಸ್‌ಚೇಂಜ್ 1997ರಲ್ಲಿ ಆರಂಭಿಸಿದ, ಅಮೆರಿಕದ ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ಎಸ್ ಆ್ಯಂಡ್ ಪಿ 500ರ ‘ಇ-ಮಿನಿ’ ಫ್ಯೂಚರ್ಸ್ ಕರಾರಿನ ಮೌಲ್ಯವೆಂದರೆ ಸೂಚ್ಯಂಕವನ್ನು 50 ಡಾಲರ್‌ನಿಂದ ಗುಣಿಸಿದಷ್ಟು. 2019ರಲ್ಲಿ ಬಂದ ಮೈಕ್ರೊ ಇ-ಮಿನಿಯಲ್ಲಿ ಗುಣಕ 5 ಡಾಲರ್. ಹತ್ತು ಮೈಕ್ರೊ ಕರಾರುಗಳು ಕೈಬದಲಾದರೂ ಹಣದ ಮೊತ್ತದಲ್ಲಿ ಅದು ಒಂದೇ ಇ-ಮಿನಿಗೆ ಸಮ. ಹೀಗಿರುವಾಗ ‘ವಹಿವಾಟು ಹತ್ತು ಪಟ್ಟಾಯಿತು’ ಎಂದರೆ ಓದುಗರು ಏನೆಂದು ತಿಳಿಯಬೇಕು?

ಈ ಎಣಿಕೆಗೆ ಇಂಗ್ಲಿಷಿನಲ್ಲಿರುವ ವಾಲ್ಯೂಮ್ ಎಂಬ ಪದಕ್ಕೆ ‘ಸಂಪುಟ’ ಎಂದು ಬರೆದ ಅನುವಾದವೊಂದನ್ನೂ ಕಂಡೆ. ‘ವ್ಯಾಪಾರ ಸಂಪುಟ’ ಎಂದೊಡನೆ ನನಗೆ ನೆನಪಾದದ್ದು ಪ್ರಮಾಣವಚನ ಸ್ವೀಕರಿಸಲು ಸಾಲಾಗಿ ನಿಂತ ಮಂತ್ರಿಗಳು. ಅದೇ ಅನುವಾದದಲ್ಲಿ ಕರಾರು ‘ಗುತ್ತಿಗೆ’ಯಾಗಿತ್ತು. ‘ಗಾತ್ರ’ ಎಂದರೆ ಒಂದೊಂದು ವ್ಯವಹಾರ ಎಷ್ಟು ದೊಡ್ಡದು ಎಂಬ ಅರ್ಥ ಬರುತ್ತದೆ. ಸದ್ಯಕ್ಕೆ ಮೊದಲ ಸಲ ‘ಕೈಬದಲಾದ ಕರಾರುಗಳ ಎಣಿಕೆ’ ಎಂದು ಬಿಡಿಸಿ ಹೇಳಿ, ಆಮೇಲೆ ‘ವಹಿವಾಟಿನ ಪ್ರಮಾಣ’ ಎಂದು ಮುಂದುವರಿಸಿದ್ದೇನೆ. ಕೊಂಡವರು ಒಬ್ಬರು, ಮಾರಿದವರು ಒಬ್ಬರು ಇದ್ದರೂ ಎಣಿಕೆಯಲ್ಲಿ ಅದು ಎರಡಾಗುವುದಿಲ್ಲ, ಒಂದೇ ಕರಾರು ಎಂಬುದನ್ನು ‘ಕೈಬದಲು’ ಎಂಬ ಪದ ತಾನಾಗಿ ಸೂಚಿಸುತ್ತದೆ ಎಂಬುದು ನನ್ನ ಅನಿಸಿಕೆ.

ನಿಜವಾದ ಪ್ರಶ್ನೆ ಇರುವುದು ‘ಸಮಯ’ದ ಬಗ್ಗೆ. ‘ದಿನದ ಸಮಯವು ವಹಿವಾಟಿನ ಪ್ರಮಾಣದ ಮೇಲೆ ಬೀರುವ ಪರಿಣಾಮ’ ಎಂದು ಬರೆದರೆ ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಗಡಿಯಾರದ ಮುಳ್ಳೇ ಎದ್ದು ಬಂದು ಕೊಳ್ಳುವವರನ್ನು ತಳ್ಳುತ್ತದೆ ಎಂಬಂತೆ ಕೇಳಿಸುತ್ತದೆ. ‘ಹೊತ್ತು’ ಎಂಬ ಪದದ ಗುಣ ಬೇರೆ. ಊಟದ ಹೊತ್ತು, ದೀಪ ಹಚ್ಚುವ ಹೊತ್ತು ಎನ್ನುವಾಗ ನಾವು ಕಾಲವನ್ನು ಅದರಲ್ಲಿ ನಡೆಯುವ ಕೆಲಸದಿಂದ ಗುರುತಿಸುತ್ತೇವೆ. ಅದು ಎಷ್ಟು ಗಂಟೆಗೆ ಎಂಬುದು ಆಮೇಲಿನ ಮಾತು. ಫ್ಯೂಚರ್ಸ್ ವಹಿವಾಟು ಏರಿಳಿಯುವುದೂ ಹೀಗೆಯೇ. ನ್ಯೂಯಾರ್ಕಿನ ಗಡಿಯಾರದಂತೆ ಬೆಳಿಗ್ಗೆ 9.30ಕ್ಕೆ ಷೇರುಪೇಟೆಯ ಬಾಗಿಲು ತೆರೆದೊಡನೆ, ರಾತ್ರಿಯೆಲ್ಲ ಕೂಡಿಬಿದ್ದ ಸುದ್ದಿಗಳಿಗೆ ತಕ್ಕಂತೆ ಬಂಡವಾಳವನ್ನು ಹೊಂದಿಸಿಕೊಳ್ಳುವವರೆಲ್ಲ ಒಟ್ಟಿಗೆ ನುಗ್ಗುವುದರಿಂದ ಇ-ಮಿನಿಯ ಎಣಿಕೆ ಒಮ್ಮೆಲೇ ಚಿಮ್ಮುತ್ತದೆ. ನಡುಹಗಲಿನಲ್ಲಿ ತಣ್ಣಗಾಗುತ್ತದೆ. ಮುಚ್ಚುವ ಬೆಲೆಯನ್ನೇ ಹಿಡಿಯಬೇಕಾದ, ಸೂಚ್ಯಂಕವನ್ನೇ ಅನುಸರಿಸಿ ಹಣ ಹೂಡುವ ಸೂಚ್ಯಂಕ ನಿಧಿಗಳೂ, ರಾತ್ರಿಗೆ ಏನನ್ನೂ ಉಳಿಸಿಕೊಳ್ಳದೆ ಚುಕ್ತಾ ಮಾಡಿ ಹೊರಡುವ ದಿನದ ವ್ಯಾಪಾರಿಗಳೂ ಸೇರುವುದರಿಂದ ಸಂಜೆ 4ರ ಸುಮಾರಿಗೆ ಮತ್ತೆ ಏರುತ್ತದೆ. ಇದು ಗಂಟೆಯ ಮಹಿಮೆಯಾಗಿದ್ದರೆ ಎಂದೆಂದೂ 4ಕ್ಕೇ ಏರಬೇಕಿತ್ತು. ಆದರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಅಲ್ಲಿನ ಷೇರುಪೇಟೆ ಮಧ್ಯಾಹ್ನ 1ಕ್ಕೇ ಮುಚ್ಚುತ್ತದೆ, ಕೊನೆಯ ನೂಕುನುಗ್ಗಲೂ ಅದರ ಜೊತೆಗೇ 1ಕ್ಕೆ ಸರಿಯುತ್ತದೆ. ಅಮೆರಿಕದ ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿದರದ ತೀರ್ಮಾನ ಪ್ರಕಟಿಸುವ ದಿನಗಳಲ್ಲಿ, ಉಳಿದ ದಿನ ಸಪ್ಪೆಯಾಗಿರುವ ಮಧ್ಯಾಹ್ನ 2 ಗಂಟೆಯೇ ಬಿರುಸಿನ ಹೊತ್ತಾಗುತ್ತದೆ. ಆದ್ದರಿಂದ ‘ಸಂಜೆ 4ರ ಏರಿಕೆ’ ಎನ್ನುವುದಕ್ಕಿಂತ ‘ಮುಚ್ಚುವ ಹೊತ್ತಿನ ಏರಿಕೆ’ ಎನ್ನುವುದೇ ವಾಸ್ತವಕ್ಕೆ ಹತ್ತಿರ.

ಹಣಕಾಸು ವಿದ್ವಾಂಸರಾದ ಅನಾಟ್ ಅಡ್ಮಾಟಿ ಮತ್ತು ಪಾಲ್ ಫ್ಲೈಡರರ್ 1988ರಲ್ಲಿ ಮಂಡಿಸಿದ ವಾದವೂ ಈ ಪದಕ್ಕೆ ಒಗ್ಗುತ್ತದೆ. ಯಾವಾಗ ಕೊಂಡರೂ ನಡೆದೀತು ಎನ್ನುವಂಥವರು ಜನ ಹೆಚ್ಚಿರುವಾಗಲೇ ಬರಲು ಬಯಸುತ್ತಾರೆ, ಏಕೆಂದರೆ ಆಗ ತಮ್ಮ ಕೊಳ್ಳುವಿಕೆಯಿಂದಲೇ ಬೆಲೆ ಅಲುಗುವ ಅಪಾಯ ಕಡಿಮೆ. ಒಳಸುಳಿವು ಬಲ್ಲವರೂ ಆ ಗುಂಪಿನಲ್ಲೇ ಮರೆಯಾಗಲು ಅದೇ ಹೊತ್ತಿಗೆ ಬರುತ್ತಾರೆ. ಜನ ಸೇರುವುದೇ ಜನ ಸೇರಲು ಕಾರಣ. ಇದಕ್ಕೆ ಕನ್ನಡದಲ್ಲಿ ‘ಸಂತೆ ಹೊತ್ತು’ ಎಂಬ ಸಿದ್ಧ ಮಾತೇ ಇದೆ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರು ಎಂಬ ಗಾದೆಯಂತೂ ಮುಚ್ಚುವ ಮುಂಚಿನ ಹತ್ತು ನಿಮಿಷಗಳ ಗಡಿಬಿಡಿಗೆಂದೇ ಹುಟ್ಟಿದಂತಿದೆ.

ಹಾಗೆಂದು ‘ಹೊತ್ತು’ ಎಲ್ಲ ಕಡೆಯೂ ಸಲ್ಲುವುದಿಲ್ಲ. ಇ-ಮಿನಿ ವಹಿವಾಟು ದಿನಕ್ಕೆ ಸುಮಾರು 23 ತಾಸು ನಡೆಯುತ್ತದೆ. ನ್ಯೂಯಾರ್ಕಿನ ಸಂಜೆ 5ರಿಂದ 6ರವರೆಗೆ ಮಾತ್ರ ಬಿಡುವು. ಹೀಗಾಗಿ ‘ಬೆಳಗಿನ ವಹಿವಾಟು’ ಎಂದರೆ ಯಾರ ಬೆಳಗು ಎಂಬ ಪ್ರಶ್ನೆ ಏಳುತ್ತದೆ. ಲಂಡನ್ನಿನ ಷೇರುಪೇಟೆ ಅಲ್ಲಿನ ಬೆಳಿಗ್ಗೆ 8ಕ್ಕೆ ತೆರೆಯುವಾಗ ನ್ಯೂಯಾರ್ಕಿನಲ್ಲಿ ಸಾಮಾನ್ಯವಾಗಿ ನಸುಕಿನ 3 ಗಂಟೆ, ಆಗಲೂ ಎಣಿಕೆ ಸ್ವಲ್ಪ ಮೇಲೇಳುತ್ತದೆ. ಮಾರ್ಚಿನಲ್ಲಿ ಅಮೆರಿಕ ಯುರೋಪಿಗಿಂತ ಮೊದಲೇ ಬೇಸಿಗೆಗಾಗಿ ಗಡಿಯಾರವನ್ನು ಒಂದು ತಾಸು ಮುಂದಿಡುವ ಕೆಲವು ವಾರಗಳಲ್ಲಿ ಅದೇ ಏಳಿಕೆ 4 ಗಂಟೆಗೆ ಕಾಣಿಸುತ್ತದೆ. ಇಂಥ ಕಡೆ ಊರಿನ ಹೆಸರು, ಗಂಟೆ ಎರಡನ್ನೂ ಹೇಳದೆ ಗತಿಯಿಲ್ಲ. ಗಡಿಯಾರದ ಬಿಂದುವಿಗೆ ‘ಗಂಟೆ’, ಕಾಲದ ಅಳತೆಗೆ ‘ತಾಸು’ ಎಂದು ಬೇರ್ಪಡಿಸಿಕೊಂಡದ್ದು ನನಗೆ ಬಹಳ ಅನುಕೂಲವಾಗಿದೆ. ‘ದಿನ’ವನ್ನೂ ‘ವಹಿವಾಟಿನ ದಿನ’ ಎಂದು ಬಿಡಿಸಬೇಕಾಯಿತು, ಏಕೆಂದರೆ ಸೋಮವಾರದ ವಹಿವಾಟಿನ ದಿನ ಆರಂಭವಾಗುವುದು ಭಾನುವಾರದ ಸಂಜೆ. ‘ದಿನವಹಿ’ ಎಂಬ ಪದ ದಿನದಿನಕ್ಕೂ ಎಂಬ ಅರ್ಥದ್ದಾದ್ದರಿಂದ, ಇಂಟ್ರಾಡೇ ಎಂಬುದಕ್ಕೆ ಅದನ್ನು ಬಳಸದೆ ‘ದಿನದೊಳಗಿನ’ ಎಂದಿದ್ದೇನೆ.

ಉಳಿದದ್ದು ಆಕಾರದ ಮಾತು. ಷೇರುಪೇಟೆ ತೆರೆದಿರುವ ಆರೂವರೆ ತಾಸುಗಳನ್ನು ಮಾತ್ರ ನೋಡಿದರೆ, ಎರಡು ತುದಿ ಎತ್ತರವಾಗಿ ನಡುವೆ ಕುಸಿದ ಗೆರೆ ಸಿಗುತ್ತದೆ. ಇದನ್ನು ಇಂಗ್ಲಿಷಿನವರು ತಮ್ಮ ‘ಯು’ ಅಕ್ಷರದಿಂದ ಕರೆಯುತ್ತಾರೆ. ‘ಯು ಆಕಾರ’ ಎಂದು ಬರೆದರೆ, ಕನ್ನಡದ ‘ಯು’ವನ್ನು ಕಣ್ಣಮುಂದೆ ತಂದುಕೊಳ್ಳುವ ಓದುಗರಿಗೆ ವಿಚಿತ್ರ ಚಿತ್ರವೇ ಮೂಡೀತು. ‘ಬೋಗುಣಿಯಾಕಾರ’ ಎಂದರೆ ಎರಡೂ ಅಂಚು ಸಮನಾಗಿವೆ ಎಂಬ ಭಾವನೆ ಬರುತ್ತದೆ, ಆದರೆ ಇಲ್ಲಿ ಅವು ಸಮವಾಗಿರಲೇಬೇಕೆಂದಿಲ್ಲ. ನಾನು ‘ನಡುತಗ್ಗು’ ಎಂಬ ಪದವನ್ನು ಕಟ್ಟಿಕೊಂಡಿದ್ದೇನೆ. ಕರಡಿನ ಆ ವಾಕ್ಯ ಈಗ ಹೀಗಿದೆ: ‘ತೆರೆಯುವ ಹೊತ್ತಿಗೂ ಮುಚ್ಚುವ ಹೊತ್ತಿಗೂ ಹೆಚ್ಚು ಕರಾರುಗಳು ಕೈಬದಲಾಗುತ್ತವೆ, ಇವೆರಡರ ನಡುವೆ ವಹಿವಾಟಿನ ಪ್ರಮಾಣದಲ್ಲಿ ನಡುತಗ್ಗು ಕಾಣುತ್ತದೆ.’

ಇದರಲ್ಲಿ ‘ನಡುತಗ್ಗು’ ಎಂಬುದನ್ನು ಬೆಲೆಯ ಕುಸಿತವೆಂದು ತಪ್ಪಾಗಿ ಓದುವ ಅವಕಾಶ ಇನ್ನೂ ಉಳಿದಿದೆಯೇ? ಇದಕ್ಕಿಂತ ಬಳಕೆಯಲ್ಲಿರುವ ಪದ ಯಾರ ಕಿವಿಗಾದರೂ ಬಿದ್ದಿದ್ದರೆ ದಯವಿಟ್ಟು ವಾಕ್ಯದ ಸಮೇತ ತಿಳಿಸಿ.