ಕೀಲು ‘ಆಡುತ್ತಿದೆ’ ಅಂದರೆ ಸರಿಯಾಗಿದೆ ಅಂತಲೋ, ಸವೆದಿದೆ ಅಂತಲೋ?

ಗೆಳೆಯರೇ, ನಮಸ್ಕಾರ.

ಹಳೆಯ ಸ್ಪೋರ್ಟ್ಸ್ ಕಾರಿನ ಸ್ಟೀರಿಂಗ್ ಕೀಲುಗಳನ್ನು ಬದಲಾಯಿಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕಾರು ಕಾರ್ವೆಟ್ ಸ್ಟಿಂಗ್ ರೇ, 1963ರಿಂದ 1967ರವರೆಗೆ ಬಂದ ಮಾದರಿ. ಬರೆಯುತ್ತಾ ಒಂದು ಪದದ ಹತ್ತಿರ ನಿಂತುಬಿಟ್ಟೆ. ಇಂಗ್ಲಿಷಿನಲ್ಲಿ ‘ಪ್ಲೇ’ ಅನ್ನುತ್ತಾರಲ್ಲ, ಕೀಲಿನಲ್ಲಿ ಇರಬಾರದ ಆ ಸಡಿಲಕ್ಕೆ ನಾವು ಏನನ್ನೋಣ?

‘ಆಟ’ ಅಂತ ಬರೆದು ಮುಂದೆ ಹೋಗಬಹುದಿತ್ತು. ‘ಸ್ಟೀರಿಂಗ್ ಆಟ ಜಾಸ್ತಿ ಆಗಿದೆ’ ಅನ್ನುವುದನ್ನು ನಾನೂ ಕೇಳಿದ್ದೇನೆ. ಆದರೆ ಅದೇ ಪದ ನನಗೆ ಒಂದು ಸಲ ಕೈಕೊಟ್ಟಿದೆ. ನಾನು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದೆ. ಗೆಳೆಯ ಕಾರಿನ ಕೆಳಗೆ ಮಲಗಿ ಒಂದೊಂದೇ ಕೀಲನ್ನು ಮುಟ್ಟಿ ನೋಡುತ್ತಿದ್ದ. ‘ಐಡ್ಲರ್ ಆರ್ಮ್ ಹೇಗಿದೆ?’ ಅಂದೆ. ಸ್ಟೀರಿಂಗಿನ ಅಡ್ಡ ರಾಡಿನ ಒಂದು ತುದಿಯನ್ನು ಹಿಡಿದಿರುವ ತೋಳು ಅದು. ‘ಚೆನ್ನಾಗಿ ಆಡ್ತಿದೆ’ ಅಂದ. ಸರಿ, ಅದು ಗಟ್ಟಿಯಾಗಿದೆ ಅಂದುಕೊಂಡೆ. ಅವನು ಹೇಳಿದ್ದು ಸವೆದು ಅಲ್ಲಾಡುತ್ತಿದೆ ಅಂತ! ಅದನ್ನು ಹಾಗೇ ಬಿಟ್ಟು, ಗಾಲಿಗಳನ್ನು ತಿರುಗಿಸುವ ಎರಡು ಟೈ ರಾಡುಗಳ ನಾಲ್ಕೂ ತುದಿಗಳಿಗೆ ಹೊಸ ಕೀಲು ಹಾಕಿದೆವು. ಅಲೈನ್‌ಮೆಂಟ್ ಕೂಡ ಮಾಡಿಸಿದೆವು. ಆಮೇಲೂ ಕಾರು ನೇರ ರಸ್ತೆಯಲ್ಲಿ ಆ ಕಡೆ ಈ ಕಡೆ ತೇಲುತ್ತಿತ್ತು. ಮತ್ತೆ ಬಿಚ್ಚಬೇಕಾಯಿತು.

ಆಗ ಹೊಳೆದದ್ದು ಇದು. ಕೀಲು ಆಡಲೇಬೇಕು. ಟೈ ರಾಡಿನ ತುದಿಯಲ್ಲಿರುವುದು ಒಂದು ಬಟ್ಟಲು, ಅದರೊಳಗೆ ಒಂದು ಗುಂಡು. ಗಾಲಿ ಮೇಲೆ ಕೆಳಗೆ ಹೋದಾಗ, ಎಡಕ್ಕೆ ಬಲಕ್ಕೆ ತಿರುಗಿದಾಗ ಆ ಗುಂಡು ಬಟ್ಟಲಿನಲ್ಲಿ ಹೊರಳಬೇಕು. ಹೊರಳದಿದ್ದರೆ ಅದು ಬಿಗಿದುಕೊಂಡಿದೆ ಅಂತ ಅರ್ಥ. ಆದರೆ ಗುಂಡಿಗೂ ಬಟ್ಟಲಿಗೂ ನಡುವೆ ಸಂದು ಬಿಟ್ಟುಕೊಂಡು ಅದು ಟಕ್ ಟಕ್ ಅಂತ ಅತ್ತಿತ್ತ ಸರಿದರೆ ಕೀಲಿನ ಕಥೆ ಮುಗಿಯಿತು. ಎರಡಕ್ಕೂ ‘ಆಟ’ ಅಂದುಬಿಟ್ಟರೆ ಓದುವವರು ಯಾವುದನ್ನು ಬಿಸಾಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು?

ಇಂಗ್ಲಿಷ್ ‘ಪ್ಲೇ’ ನೋಡಿ ನಾವು ‘ಆಟ’ ಮಾಡಿಕೊಂಡೆವು ಅನ್ನುವ ಮಾತೂ ಇದೆ. ನನಗೆ ಒಪ್ಪಿಗೆಯಿಲ್ಲ. ‘ಆಡು’ ಅಂದರೆ ಅಲುಗು, ಚಲಿಸು ಅನ್ನುವ ಅರ್ಥ ನಮ್ಮಲ್ಲೇ ಇದೆ. ಗಾಳಿ ಆಡುತ್ತದೆ, ಉಸಿರು ಆಡುತ್ತದೆ, ಕೈಕಾಲು ಆಡುವುದಿಲ್ಲ. ತೂಗಾಡು, ಓಲಾಡು, ತೇಲಾಡು, ಎಲ್ಲದರ ಬಾಲದಲ್ಲೂ ಇರುವುದು ಅದೇ ‘ಆಡು’. ಹಾಗಾಗಿ ಪದವನ್ನು ಬಿಡುವುದು ಬೇಡ, ಅದರ ಕೆಲಸವನ್ನು ಎರಡಾಗಿ ಹಂಚೋಣ. ಬಾಯಿಯನ್ನೇ ನೋಡಿ. ದವಡೆ ಆಡಬೇಕು, ಹಲ್ಲು ಅಲ್ಲಾಡಬಾರದು. ಯಾವ ಮಗುವಿಗೂ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಅದನ್ನೇ ಕೈಪಿಡಿಗೂ ತಂದಿದ್ದೇನೆ: ಕೀಲಿಗೆ ಬೇಕಾದ ಚಲನೆ ‘ಆಟ’, ಸವೆದು ಬಂದದ್ದು ‘ಅಲ್ಲಾಟ’. ‘ಕೀಲಿನಲ್ಲಿ ಅಲ್ಲಾಟ ಕಂಡರೆ ಬದಲಾಯಿಸಿ’ ಅಂದರೆ ಯಾರಿಗೂ ಗೊಂದಲ ಆಗುವುದಿಲ್ಲ ಅನ್ನಿಸುತ್ತದೆ. ನಿಮಗೆ ಹೇಗನ್ನಿಸುತ್ತದೆ?

ಉಳಿದ ಪದಗಳನ್ನೂ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಸ್ಟೀರಿಂಗ್ ಬಾಕ್ಸಿನಿಂದ ಗಾಲಿಯವರೆಗಿನ ಇಡೀ ಸಾಲಿಗೆ ‘ಕೀಲುಕೊಂಡಿ’ ಅಂತ ಇಟ್ಟುಕೊಂಡಿದ್ದೇನೆ. ಈ ಕಾರಿನಲ್ಲಿ ಬಾಕ್ಸಿಗೆ ಹಾಕಿರುವ ತೋಳು, ಅಂದರೆ ಪಿಟ್‌ಮನ್ ಆರ್ಮ್, ಅಡ್ಡ ಇರುವ ರಿಲೇ ರಾಡನ್ನು ತಳ್ಳುತ್ತದೆ. ಅದರ ಇನ್ನೊಂದು ತುದಿಯನ್ನು ಐಡ್ಲರ್ ಆರ್ಮ್ ಹಿಡಿದಿರುತ್ತದೆ. ಆ ರಿಲೇ ರಾಡಿನಿಂದ ಎರಡು ಟೈ ರಾಡುಗಳು ಗಾಲಿಗಳ ಕಡೆ ಹೋಗುತ್ತವೆ. ಈ ಬಿಡಿಭಾಗಗಳ ಹೆಸರನ್ನು ಮುಟ್ಟಿಲ್ಲ. ಅಂಗಡಿಯಲ್ಲಿ ಕೇಳಬೇಕಾದದ್ದು ಆ ಹೆಸರಿನಲ್ಲೇ ಅಲ್ವಾ? ಅಂದಹಾಗೆ ‘ಪಿಟ್‌ಮನ್’ ಮೊದಲು ಒಬ್ಬ ಮನುಷ್ಯ. ಮರ ಕೊಯ್ಯುವಾಗ ಗುಂಡಿಯಲ್ಲಿ ನಿಂತು ಗರಗಸವನ್ನು ಕೆಳಕ್ಕೆ ಎಳೆಯುತ್ತಿದ್ದವನು. ಅವನ ಜಾಗಕ್ಕೆ ಯಂತ್ರದ ತೋಳು ಬಂದಾಗ ಹೆಸರು ಆ ತೋಳಿಗೆ ಅಂಟಿಕೊಂಡಿತು. ಬ್ರಿಟನ್ನಿನಲ್ಲಿ ಇದೇ ಭಾಗಕ್ಕೆ ‘ಡ್ರಾಪ್ ಆರ್ಮ್’ ಅನ್ನುತ್ತಾರೆ.

ಕೀಲಿನ ಗುಂಡಿನಿಂದ ಹೊರಗೆ ಚಾಚಿರುವ ಮೊಳೆಗೆ ಹಾಕುವ ನಟ್ಟಿನ ತಲೆ ಕೋಟೆಯ ಗೋಡೆಯ ಹಾಗೆ ಅಲ್ಲಲ್ಲಿ ಕಚ್ಚು ಹಾಕಿರುತ್ತದೆ. ಇಂಗ್ಲಿಷಿನಲ್ಲಿ ಅದು ‘ಕ್ಯಾಸಲ್ ನಟ್’. ಕೋಟೆಯ ಆ ಕಚ್ಚುಗಳಿಗೆ ನಮ್ಮಲ್ಲಿ ‘ತೆನೆ’ ಅನ್ನುತ್ತೇವೆ. ಹಾಗಾಗಿ ‘ತೆನೆ ನಟ್’ ಅಂತ ಬರೆದೆ. ಆ ಕಚ್ಚಿನ ಮೂಲಕ ತೂರಿಸಿ ಕಾಲು ಮಡಿಸುವ ಸ್ಪ್ಲಿಟ್ ಪಿನ್ನಿಗೆ ‘ಕಡೆಗೀಲು’. ಜೇಡರ ದಾಸಿಮಯ್ಯನ ವಚನದಲ್ಲಿ ಕಡೆಗೀಲಿಲ್ಲದ ಬಂಡಿಯ ಮಾತು ಬರುತ್ತದೆ, ಬಲ್ಲವರಿಗೆ ನೆನಪಾಗಬಹುದು. ಅಲ್ಲಿ ಅದು ಗಾಲಿ ಕಳಚದಂತೆ ಅಚ್ಚಿನ ತುದಿಯಲ್ಲಿ ಕಾಯುತ್ತದೆ, ಇಲ್ಲಿ ನಟ್ ತಿರುಗದಂತೆ ಕಾಯುತ್ತದೆ. ಕೆಲಸ ಒಂದೇ ಅಂತ ನನಗನ್ನಿಸಿತು. ಮೊಳೆಯಲ್ಲಿರುವ ಪಿನ್ನಿನ ತೂತು ನಟ್ಟಿನ ಕಚ್ಚಿಗೆ ಸರಿಯಾಗಿ ಎದುರಾಗದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಿಯೇ ಎದುರು ತರಬೇಕು, ಸಡಿಲ ಮಾಡಬಾರದು. ಈ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇನೆ.

ನಟ್ ತೆಗೆದ ಮೇಲೂ ಮೊಳೆ ತಾನು ಕೂತಿರುವ ತೋಳಿನ ತೂತಿನಿಂದ ಬರುವುದಿಲ್ಲ. ಬುಡದ ಕಡೆ ದಪ್ಪ, ತುದಿಯ ಕಡೆ ಸಣ್ಣ ಇರುವುದರಿಂದ ಅದು ಅಲ್ಲೇ ‘ಕಚ್ಚಿಕೊಂಡಿರುತ್ತದೆ’. ಇದಕ್ಕಿಂತ ಒಳ್ಳೆಯ ಪದ ಯಾರೂ ಹುಡುಕುವುದು ಬೇಡ. ಎಳೆದು ಬಿಡಿಸುವ ಪುಲ್ಲರ್ ಹಾಕಿ, ಇಲ್ಲವೇ ತೋಳಿನ ಪಕ್ಕಕ್ಕೆ ಸುತ್ತಿಗೆಯಿಂದ ಹೊಡೆದು ಆ ‘ಕಚ್ಚಿಕೊಂಡದ್ದನ್ನು’ ಬಿಡಿಸಬೇಕು.

ಈಗ ನಿಜವಾಗಿ ಬಗೆಹರಿಯದೆ ಉಳಿದದ್ದು ಒಂದು. ಕೀಲುಗಳ ಅಲ್ಲಾಟವೆಲ್ಲ ಸೇರಿ ಸ್ಟೀರಿಂಗಿನಲ್ಲಿ ಕಾಣುವುದು ಬೇರೆಯೇ ರೂಪದಲ್ಲಿ. ನಾವು ಒಂದೆರಡು ಬೆರಳಿನಷ್ಟು ತಿರುಗಿಸುತ್ತೇವೆ, ಗಾಲಿ ಮಾತ್ರ ಕದಲುವುದಿಲ್ಲ. ಇಲ್ಲಿ ಸ್ಟೀರಿಂಗೇನೂ ಅಲ್ಲಾಡುತ್ತಿಲ್ಲ. ನಾವು ಹಾಕಿದ ಶ್ರಮ ದಾರಿಯಲ್ಲೇ ಕಳೆದುಹೋಗುತ್ತಿದೆ. ‘ಹುಸಿ ತಿರುವು’ ಅಂತ ಬರೆದೆ. ಆದರೆ ಕಾರಿನ ಮಾತಿನಲ್ಲಿ ತಿರುವು ಅಂದರೆ ರಸ್ತೆಯ ತಿರುವೇ ಕಣ್ಣಿಗೆ ಬರುತ್ತದೆ. ‘ಖಾಲಿ ಸುತ್ತು’ ಅಂದರೆ ಪೂರ್ತಿ ಒಂದು ಸುತ್ತು ಅನ್ನಿಸುತ್ತದೆ. ‘ಪೊಳ್ಳು’ ಸೇರಿಸಿ ನೋಡಿದೆ, ಕಿವಿಗೆ ಹಿಡಿಸಲಿಲ್ಲ.

ಮಗ್ಗ, ರಾಟೆ, ಹೊಲಿಗೆ ಯಂತ್ರ, ಕೈಪಂಪು, ಇವುಗಳ ಹತ್ತಿರ ಕೆಲಸ ಮಾಡಿದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಹಿಡಿ ತಿರುಗಿದರೂ ಕೆಲಸ ಶುರುವಾಗದ ಆ ಸ್ವಲ್ಪ ಹೊತ್ತಿಗೆ ಅಲ್ಲಿ ಏನಾದರೂ ಮಾತು ಇದೆಯೇ? ಇದ್ದರೆ ಅದನ್ನು ಯಾವ ಯಂತ್ರದ ಬಗ್ಗೆ, ಹೇಗೆ ಹೇಳುತ್ತಾರೆ ಅಂತ ಒಂದು ಇಡೀ ವಾಕ್ಯದಲ್ಲಿ ಬರೆದು ತಿಳಿಸಿ.