ಅಪ್‌ಡೇಟ್: ಅಂಗಳದ ಬೋಗನ್‌ವಿಲ್ಲಾ ಚಿಗುರಿತು!

ಪುಣೆಯ ನಮ್ಮ ಅಂಗಳದ ಹಳೆಯ ಬೋಗನ್‌ವಿಲ್ಲಾವನ್ನು ಬೋನ್ಸಾಯ್ (ಕುಂಡದಲ್ಲಿ ಬೆಳೆಸುವ ಕುಳ್ಳ ಮರ) ಮಾಡಬಹುದಾ ಎಂದು ಇಲ್ಲಿ ಕೇಳಿದ್ದೆ. ನೀವೆಲ್ಲ ಹೇಳಿದಂತೆ ಬಿಸಿಲು ಏರುವ ಮೊದಲೇ, ಫೆಬ್ರವರಿಯಲ್ಲಿ ಕಿತ್ತೆವು. ಕೊಂಬೆಗಳನ್ನೆಲ್ಲ ಸವರಿ ಮೊಣಕಾಲೆತ್ತರದ ಬೊಡ್ಡೆ ಮಾತ್ರ ಉಳಿಸಿದೆವು. ದಪ್ಪ ಬೇರುಗಳನ್ನು ಗರಗಸದಿಂದ ಕೊಯ್ದೆವು. ಎಳೆ ಬೇರು ಆದಷ್ಟು ಉಳಿಸಿಕೊಂಡೆವು, ನೀರು ಹೀರುವುದು ಅವೇ ಅಲ್ವಾ. ಇಲ್ಲಿನ ಕಪ್ಪು ಮಣ್ಣು ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಹಾಗಾಗಿ ಕುಂಡಕ್ಕೆ ಇಟ್ಟಿಗೆ ಚೂರು, ದಪ್ಪ ಮರಳನ್ನೇ ಜಾಸ್ತಿ ಹಾಕಿ ನೆರಳಲ್ಲಿಟ್ಟೆವು.

ಬಹಳ ದಿನ ಬರೀ ಒಣ ಕಟ್ಟಿಗೆ. ಈಗ ತೊಗಟೆ ಸೀಳಿಕೊಂಡು ಅಕ್ಕಿಕಾಳಿನಷ್ಟು ಕೆಂಪು ಚಿಗುರು ಬಂದಿವೆ, ಅದೂ ಬುಡದ ಹತ್ತಿರವೇ! ತುಂಬಾ ಖುಷಿಯಾಗಿದೆ. ಈ ವರ್ಷ ಕೊಂಬೆಗಳಿಗೆ ಆಕಾರ ಕೊಡಲು ತಂತಿ ಸುತ್ತುವುದಿಲ್ಲ, ಸುಮ್ನೆ ಬೆಳೆಯಲಿ. ಬೊಡ್ಡೆ ಕಡಿಯಲು ಧೈರ್ಯ ಕೊಟ್ಟವರಿಗೆ ವಿಶೇಷ ಥ್ಯಾಂಕ್ಸ್.